ಚಿತ್ರದುರ್ಗ–ದಾವಣಗೆರೆ ಕಡೆ ಮುತ್ತಜ್ಜ ಯಾರೆಂದು ದಾಖಲೆಯಲ್ಲಿ ಖಚಿತ ಮಾಡಿಕೊಳ್ಳುವುದು ಹೇಗೆ?

ಒಂದೇ ಊರಲ್ಲಿ ಇಬ್ಬರು ತಿಪ್ಪಯ್ಯ ಇದ್ದು, ನಿಮ್ಮವರು ಯಾರೆಂಬ ಗೊಂದಲವಿದ್ದರೆ ಹೆಸರು ಬಿಡಿ, ಸರ್ವೆ ನಂಬರ್ ಹಿಡಿಯಿರಿ. ಈಗಿನ ಪಹಣಿಯಲ್ಲಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರಿನಿಂದ ಹಿಂದಕ್ಕೆ ಹೋಗಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್), ಹಳೇ ಇಂಡೆಕ್ಸ್ ಆಫ್ ಲ್ಯಾಂಡ್ (ಸರ್ವೆ ನಂಬರುವಾರು ಜಮೀನು ಪಟ್ಟಿ) ಇವುಗಳ ದೃಢೀಕೃತ ನಕಲು ಕೇಳಿ. ಪೌತಿ ಖಾತೆಯ, ಅಂದರೆ ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗಾದ ಖಾತೆಯ, ಎಂ.ಆರ್. ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ತೀರಿಕೊಂಡವರು, ವಾರಸುದಾರರು ಒಟ್ಟಿಗೇ ಸಿಗುತ್ತಾರೆ. ‘ಬಿನ್’ ಇದ್ದರೆ ಮಗ, ‘ಕೋಂ’ ಇದ್ದರೆ ಹೆಂಡತಿ.

ಎಲ್ಲರೂ ಎಡವುವುದು ಇಲ್ಲಿ: ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ‘ತಿಪ್ಪಯ್ಯ ಬಿನ್ ಓಬಯ್ಯ’ ಎರಡು ತಲೆಮಾರಿನ ನಂತರ ಮತ್ತೆ ಬರುತ್ತದೆ. ವರ್ಷ ನೋಡದೆ ಇಬ್ಬರನ್ನೂ ಒಬ್ಬರೇ ಅಂದುಕೊಂಡರೆ ನಡುವಿನವರು ಮಾಯ.

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಜಗಳೂರು, ಹರಿಹರದ ಹಳೇ ಜಿಲ್ಲಾ ಕಡತಕ್ಕೆ ಚಿತ್ರದುರ್ಗದಲ್ಲೂ, ಚನ್ನಗಿರಿ, ಹೊನ್ನಾಳಿಯದಕ್ಕೆ ಶಿವಮೊಗ್ಗದಲ್ಲೂ ವಿಚಾರಿಸಿ.

ಜಮೀನೇ ಇಲ್ಲದ ಮನೆತನವಾದರೆ ಶಾಲೆಯ ದಾಖಲಾತಿ ರಿಜಿಸ್ಟರ್, ಮತ್ತೆ ಮನೆತನಗಳ ವಂಶಾವಳಿ ಬರೆದಿಟ್ಟು ಊರೂರು ತಿರುಗಿ ಹೇಳುವ ಹೆಳವರು. ಸುಗ್ಗಿ ಮುಗಿದ ಮೇಲೆ ಅವರು ಬಂದಾಗ ನಿಮ್ಮ ಮನೆತನದ ಪುಟದ ಫೋಟೋ ತೆಗೆದುಕೊಳ್ಳಿ. ಮೂಲ ಊರು, ಬೆಡಗು (ಕುಲದ ಒಳಪಂಗಡ) ಅಲ್ಲಿ ಸಿಗಬಹುದು. ನಾಡಕಚೇರಿಯ ವಂಶವೃಕ್ಷವನ್ನು ಮಾತ್ರ ಪುರಾವೆ ಅಂದುಕೊಳ್ಳಬೇಡಿ, ಅದು ಬಹುಪಾಲು ನೀವೇ ಕೊಟ್ಟ ಅಫಿಡವಿಟ್ಟಿನ ಮೇಲೆ ನಿಂತಿರುತ್ತದೆ.