ಯಾಂಕೀಸ್ ಸೋತರು. ಪಕ್ಕದ ಸೀಟಿನ ಯಾಂಕೀಸ್ ಅಭಿಮಾನಿಗೆ ಏನಂತ ಮೆಸೇಜ್ ಕಳಿಸಲಿ?

ಏನೂ ಕಳಿಸಬೇಡಿ. ಮೊದಲು ಫೋನ್ ಕೆಳಗಿಡಿ.

ನೀವು ನ್ಯೂಜೆರ್ಸಿಯಲ್ಲಿರುವ ಮೆಟ್ಸ್ ಅಭಿಮಾನಿ. ಮೆಟ್ಸ್, ಯಾಂಕೀಸ್ ಎರಡೂ ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡಗಳು, ಒಂದಕ್ಕೊಂದು ಎದುರಾಳಿ. 2024ರಲ್ಲಿ ಯಾಂಕೀಸ್ 5–0 ಮುಂದಿದ್ದ ಆಟವನ್ನು ಕೈಯಾರೆ ಕಳೆದುಕೊಂಡು, ಬೇಸ್‌ಬಾಲಿನ ಫೈನಲ್ ಆದ ವರ್ಲ್ಡ್ ಸೀರೀಸನ್ನೇ ಲಾಸ್ ಏಂಜಲೀಸಿನ ಡಾಡ್ಜರ್ಸ್‌ಗೆ ಕೊಟ್ಟರು. ನಿಮಗೆ ಹಾಲು ಕುಡಿದಷ್ಟು ಸಂತೋಷ. ಕಾಲೆಳೆಯಲಾ, ಸಮಾಧಾನ ಹೇಳಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಮೂಗಿಗೆ ಕೇಸರಿಬಾತಿನ ವಾಸನೆ ಬಡಿಯಿತು. ಏಳು ವರ್ಷ ಹಳೆಯ ಕೇಸರಿಬಾತು.

ನಾನು ಬೆಂಗಳೂರಿನ ತ್ಯಾಗರಾಜನಗರದವನು. 2009ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದೆ. ಬೇಸ್‌ಬಾಲ್ ಅಂದರೆ ಆಗ ನನಗೆ ಲಗೋರಿಗೂ ಕ್ರಿಕೆಟ್ಟಿಗೂ ನಡುವಿನ ಏನೋ ಒಂದು. ಕಲಿಸಿದವರು ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು. ಮೂಲ ಮೆಕ್ಸಿಕೋ, ಹುಟ್ಟಿ ಬೆಳೆದದ್ದು ಪೂರ್ವ ಲಾಸ್ ಏಂಜಲೀಸ್. 1981ರಲ್ಲಿ ಫರ್ನಾಂಡೊ ವ್ಯಾಲೆನ್ಸುವೆಲಾ ಎಂಬ ಮೆಕ್ಸಿಕೋದ 20 ವರ್ಷದ ಹುಡುಗ ಡಾಡ್ಜರ್ಸ್‌ಗೆ ಬೌಲ್ ಮಾಡಲು ನಿಂತು, ಶುರು ಮಾಡಿದ ಮೊದಲ ಎಂಟು ಆಟಗಳನ್ನೂ ಗೆದ್ದಿದ್ದ. (ಪಿಚ್ ಮಾಡಲು ಅನ್ನಬೇಕು, ಗೊತ್ತು. ಬಾಯಿಗೆ ಬೌಲೇ ಬರುತ್ತದೆ.) ಆಗ ಇವರು ಶಾಲೆಯ ಹುಡುಗ. ಅಪ್ಪನ ಕೈ ಹಿಡಿದು ಸ್ಟೇಡಿಯಂಗೆ ಹೋದದ್ದನ್ನು ನಮ್ಮಲ್ಲಿ ಜಾತ್ರೆಗೆ ಹೋದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರು.

ಡಾಡ್ಜರ್ಸ್ ಭಕ್ತರಾದರೂ ನನಗೆ ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ಆಟ ತೋರಿಸಿದ್ದು ಅವರೇ. ಎರಡೂ ಮೊದಲು ನ್ಯೂಯಾರ್ಕ್‌ನ ತಂಡಗಳು. 1958ರಲ್ಲಿ ಒಟ್ಟಿಗೇ ಪಶ್ಚಿಮಕ್ಕೆ ಗುಳೆ ಬಂದವು, ಜಗಳವನ್ನೂ ಗಂಟು ಕಟ್ಟಿಕೊಂಡು ಬಂದವು. ಡಾಡ್ಜರ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗಲೆಲ್ಲ ಅವರು ಎರಡು ಟಿಕೆಟ್ ತೆಗೆಯುತ್ತಿದ್ದರು. ಸಂಜೆಯ ಕ್ಯಾಲ್‌ಟ್ರೇನ್ ಹತ್ತಿ ಹೋಗುವುದು. ಅವರು ನೀಲಿ ಟೋಪಿ, ನಾನು ಕಿತ್ತಳೆ–ಕಪ್ಪು ಅಂಗಿ. ಮೊಣಕಾಲಿನ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಒಂದೊಂದೇ ಚೌಕ ತುಂಬುತ್ತಿದ್ದರು. ಬ್ಯಾಟ್ ಬೀಸಿ ಚೆಂಡು ತಾಗದೆ ಸ್ಟ್ರೈಕ್ ಔಟ್ ಆದರೆ (ಮೂರು ಸ್ಟ್ರೈಕ್‌ಗೆ ಔಟ್) ಇಂಗ್ಲಿಷಿನ ಕೆ ಅಕ್ಷರ. ಸುಮ್ನೆ ನೋಡುತ್ತಾ ನಿಂತು ಔಟಾದರೆ ಅದೇ ಕೆ, ಆದರೆ ತಿರುಗುಮುರುಗು. ಮೊದಲ ದಿನ ಕಲಿಸಿದ್ದೇ ಇದನ್ನು.

ನನ್ನ ಅದೃಷ್ಟ ನೋಡಿ. ಬಂದ ಮರುವರ್ಷವೇ, 2010ರಲ್ಲಿ, ಜೈಂಟ್ಸ್ ಕಪ್ ಗೆದ್ದರು. 2012, 2014ರಲ್ಲಿ ಮತ್ತೆ ಗೆದ್ದರು. ಐದು ವರ್ಷದಲ್ಲಿ ಮೂರು. ಡಾಡ್ಜರ್ಸ್ ಅಲ್ಲಿಯವರೆಗೆ ಕೊನೆಗೆ ಗೆದ್ದದ್ದು 1988ರಲ್ಲಿ. ಆ ಮೂರೂ ಸಲ ಅವರು ನನ್ನ ಕೈ ಕುಲುಕಿ ಕೆಲಸಕ್ಕೆ ಕೂತರು. ಅಷ್ಟೇ. ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ.

2017. ಡಾಡ್ಜರ್ಸ್ 104 ಆಟ ಗೆದ್ದು, 29 ವರ್ಷದ ಮೇಲೆ ವರ್ಲ್ಡ್ ಸೀರೀಸ್ ತಲುಪಿದರು. ಎದುರಿಗೆ ಹ್ಯೂಸ್ಟನ್ ಆಸ್ಟ್ರೋಸ್. ಏಳರಲ್ಲಿ ನಾಲ್ಕು ಗೆದ್ದವರಿಗೆ ಕಪ್. ಏಳನೆಯದರವರೆಗೂ ಎಳೆದಾಡಿತು. ಕೊನೆಯ ಆಟ ನವೆಂಬರ್ 1ರಂದು, ಡಾಡ್ಜರ್ಸ್ ಮನೆಯಂಗಳದಲ್ಲೇ. ನಮ್ಮ ಮನೆಯಲ್ಲಿ ಅವತ್ತು ರಾಜ್ಯೋತ್ಸವದ ನೆಪದಲ್ಲಿ ನಾಲ್ಕು ಕುಟುಂಬ ಸೇರಿತ್ತು. ಟೀವಿ ಹಾಕಿದೆ. ಡಾಡ್ಜರ್ಸ್ ಪಿಚರ್ ಯೂ ದರ್ವಿಶ್ ಒಂಬತ್ತು ಇನಿಂಗ್ಸ್ ಆಟದ ಎರಡನೆಯದನ್ನೂ ಮುಗಿಸದೆ ಹೊರನಡೆದಾಗ ಆಸ್ಟ್ರೋಸ್ 5–0 ಮುಂದಿದ್ದರು. ಮುಗಿದದ್ದು 5–1ಕ್ಕೆ. ನಾನು ಸೋಫಾ ಮೇಲೆ ಹತ್ತಿ ಕುಣಿದೆ.

ಈಗ ತಪ್ಪಿಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ "ಏನೋ ಒಂದು ತಮಾಷೆ ಮಾಡಿದೆ, ಬಿಡಪ್ಪ" ಅಂತ ತೇಲಿಸುತ್ತಾರೆ.

ರಾತ್ರಿ ಹತ್ತೂವರೆಗೆ ನಾನು ಮತ್ತೆ ಒಲೆ ಹಚ್ಚಿದೆ. ರವೆ ಹುರಿದೆ. ಕೇಸರಿ ಬಣ್ಣ ಬೇಕಂತಲೇ ಜಾಸ್ತಿ ಹಾಕಿದೆ, ಜೈಂಟ್ಸ್ ಕಿತ್ತಳೆ ಬರುವಷ್ಟು. ಡಬ್ಬಿಗೆ ಹಾಕಿ ಮೇಲೆ ಸಮ ಮಾಡಿ, ಕಪ್ಪು ದ್ರಾಕ್ಷಿಯಲ್ಲಿ 5–1 ಅಂತ ಬರೆದೆ. ಕಿತ್ತಳೆ ಮತ್ತು ಕಪ್ಪು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಸೋತವರ ಮನೆಗೆ ಸಿಹಿ ತಗೊಂಡು ಹೋಗ್ತೀರಾ? ಬೇಡ ಕಣ್ರೀ" ಅಂದಳು. ನಿನಗೆ ಬೇಸ್‌ಬಾಲ್ ಗೊತ್ತಿಲ್ಲ ಅಂದೆ. ಇವತ್ತಿಗೂ ಆ ಮಾತು ಎತ್ತಿ ಆಡುತ್ತಾಳೆ.

ಬೆಳಿಗ್ಗೆ ಅವರಿಗಿಂತ ಮುಂಚೆ ಹೋಗಿ ಅವರ ಕೀಬೋರ್ಡ್ ಮೇಲೆ ಡಬ್ಬಿ ಇಟ್ಟೆ. ನಾಲ್ಕಾರು ಜನರನ್ನು ಬೇರೆ ಕರೆದೆ. ಅವರು ಬಂದರು. ಮುಚ್ಚಳ ತೆಗೆದರು. ನೋಡಿದರು. ಕೂತರು. ಒಂದು ಟಿಶ್ಯೂ ಹರವಿ, ದ್ರಾಕ್ಷಿಗಳನ್ನು ಒಂದೊಂದಾಗಿ ಎತ್ತಿ, ಅದರ ಮೇಲೆ ನಿಧಾನಕ್ಕೆ ಜೋಡಿಸಿದರು. 64.

ಆ ವರ್ಷ ಜೈಂಟ್ಸ್ ಗೆದ್ದದ್ದು 64 ಆಟ. ಸೋತದ್ದು 98. ಡಾಡ್ಜರ್ಸ್‌ಗಿಂತ ಸರಿಯಾಗಿ 40 ಗೆಲುವು ಹಿಂದೆ. ನಮ್ಮ ವಿಭಾಗದಲ್ಲಿ ಕಟ್ಟಕಡೆಯ ಜಾಗ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದೆ ಇದ್ದವರು ನಾವಿಬ್ಬರೇ. ಅವರು ಕೇಸರಿಬಾತ್ ಪೂರ್ತಿ ತಿಂದರು, ಡಬ್ಬಿ ತೊಳೆದು ನನ್ನ ಮೇಜಿನ ಮೇಲಿಟ್ಟರು. "ಸ್ವಲ್ಪ ಸಿಹಿ ಜಾಸ್ತಿ" ಅಂದರು. ಮುಂದಿನ ವರ್ಷ ಡಾಡ್ಜರ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು, ಟಿಕೆಟ್ ಬರಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಮಾತು ಬಿಡಲಿಲ್ಲ, ಕೆಲಸದಲ್ಲಿ ಏನೂ ವ್ಯತ್ಯಾಸ ಮಾಡಲಿಲ್ಲ. ಆ ಪಕ್ಕದ ಸೀಟು ಮಾತ್ರ ಹೋಯಿತು.

ತುಂಬಾ ದಿನ ನಾನು ತಪ್ಪು ದ್ರಾಕ್ಷಿಯದ್ದು ಅಂದುಕೊಂಡಿದ್ದೆ. ಜನ ಸೇರಿಸಿದ್ದು ತಪ್ಪು, ಮರುದಿನವೇ ಮಾಡಿದ್ದು ತಪ್ಪು, ಹೀಗೆ. ಅಲ್ಲ. ಅವೆಲ್ಲ ಮೇಲಿನ ಒಗ್ಗರಣೆ. ತಪ್ಪು ಏನೆಂದರೆ, ನಾನು ಆಡದ ಆಟದ ಗೆಲುವನ್ನು ನನ್ನದು ಅಂತ ಹೊತ್ತುಕೊಂಡು ಹೋದೆ. ಆ 5–1ರಲ್ಲಿ ಜೈಂಟ್ಸ್ ಎಲ್ಲಿದ್ದರು? ಒಂದು ತಿಂಗಳಿಂದ ಮನೆಯಲ್ಲಿ ಮಲಗಿದ್ದರು. ಅವರ ತಂಡ ಕೊನೆಯ ದಿನದವರೆಗೆ ಆಡಿ ಸೋತಿತ್ತು. ನನ್ನದು ಆ ದಿನ ನೋಡಲೇ ಇಲ್ಲ. ಉಪವಾಸ ಇದ್ದವನು ಊಟ ಅರ್ಧಕ್ಕೆ ಬಿಟ್ಟವನನ್ನು ನೋಡಿ ನಕ್ಕ ಹಾಗೆ.

ಇನ್ನೂ ನಾಚಿಕೆಯ ವಿಷಯ, ನನಗೆ ಇದು ಗೊತ್ತಿರಬೇಕಿತ್ತು. ಅದಕ್ಕೆ ಒಂದೂವರೆ ವರ್ಷ ಮುಂಚೆ, 2016ರ ಮೇ 29ರಂದು, ಚಿನ್ನಸ್ವಾಮಿಯಲ್ಲಿ ಐಪಿಎಲ್ ಫೈನಲ್. 209 ಬೇಕಿತ್ತು, ಗೇಲ್–ಕೊಹ್ಲಿ ಸೇರಿ ವಿಕೆಟ್ ಬೀಳದೆ 114 ಹೊಡೆದರು, ಆಮೇಲೆ ನಮ್ಮ ಆರ್‌ಸಿಬಿ 8 ರನ್ನಿಗೆ ಸೋತಿತು. ಸೋಲಿಸಿದ್ದು ಹೈದರಾಬಾದ್. ಆದರೆ ನನಗೆ ಮೊದಲ ಮೆಸೇಜ್ ಬಂದದ್ದು ಚೆನ್ನೈನ ಗೆಳೆಯನಿಂದ, ಅವನ ತಂಡ ಆ ವರ್ಷ ನಿಷೇಧವಾಗಿ ಟೂರ್ನಿಯಲ್ಲೇ ಇರಲಿಲ್ಲ! "ನೀನು ಯಾವನೋ ಮಧ್ಯೆ" ಅಂತ ಉರಿದುಕೊಂಡಿದ್ದೆ. ಅಷ್ಟು ಬೇಗ ಮರೆತುಬಿಟ್ಟೆ.

ಸರಿ, ಹಾಗಾದರೆ ಸಮಾಧಾನ ಹೇಳುತ್ತೇನೆ ಅಂತೀರಾ? ಅದನ್ನೂ ಮಾಡಿ ನೋಡಿದ್ದೇನೆ. ಇನ್ನೂ ಕೆಟ್ಟದ್ದು.

2020ರ ಜನವರಿಯಲ್ಲಿ ಬೇಸ್‌ಬಾಲ್ ಲೀಗಿನ ವರದಿ ಬಂತು. 2017ರಲ್ಲಿ ಆಸ್ಟ್ರೋಸ್ ಮೋಸ ಮಾಡಿದ್ದರು. ಕ್ಯಾಚರ್ ಬೆರಳಲ್ಲಿ ಪಿಚರ್‌ಗೆ ಯಾವ ಎಸೆತ ಅಂತ ಸನ್ನೆ ಮಾಡುತ್ತಾನಲ್ಲ, ಅದನ್ನು ಮೈದಾನದ ಕ್ಯಾಮೆರಾದಲ್ಲಿ ನೋಡಿ, ಕಸದ ಡಬ್ಬ ಬಡಿದು ತಮ್ಮ ಬ್ಯಾಟರ್‌ಗೆ ತಿಳಿಸುತ್ತಿದ್ದರು. 50 ಲಕ್ಷ ಡಾಲರ್ ದಂಡ ಬಿತ್ತು. ಮ್ಯಾನೇಜರ್‌ನನ್ನೂ ಜನರಲ್ ಮ್ಯಾನೇಜರ್‌ನನ್ನೂ ಒಂದು ವರ್ಷ ಅಮಾನತು ಮಾಡಿದರು, ಅವತ್ತೇ ತಂಡ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಕಪ್ ಮಾತ್ರ ಅವರ ಹತ್ತಿರವೇ ಉಳಿಯಿತು.

ನನಗೆ ದೊಡ್ಡ ಅವಕಾಶ ಸಿಕ್ಕಿದ ಹಾಗಾಯಿತು. ಅವರ ಮೇಜಿಗೆ ಹೋಗಿ ಮುಖ ಸಣ್ಣ ಮಾಡಿಕೊಂಡು, "ನಿಮಗೆ ಅನ್ಯಾಯ ಆಯಿತು, ಆ ಕಪ್ ನಿಮ್ಮದೇ" ಅಂದೆ. ಅವರು ಕನ್ನಡಕ ತೆಗೆದರು.

"ಏಳನೇ ಆಟ ಎಲ್ಲಿ ನಡೆಯಿತು?"

"ಲಾಸ್ ಏಂಜಲೀಸ್."

"ಆ ಡಬ್ಬ ಹ್ಯೂಸ್ಟನ್ನಿನಲ್ಲಿತ್ತು. ಅವತ್ತು ನಾವು ನಮ್ಮ ಮನೆಯಲ್ಲಿ ಸೋತೆವು. ನೀನು ಆಗ ನಕ್ಕಿದ್ದೆ, ಈಗ ನನ್ನ ಪರವಾಗಿ ಅಳಬೇಡ."

ಅಲ್ಲಿಗೆ ಮುಗಿಯಿತು. ಎದುರು ತಂಡದವರ ಸಮಾಧಾನದಲ್ಲಿ ಒಂದು ಮೇಲಿನ ಮೆಟ್ಟಿಲು ಇರುತ್ತದೆ, ಅದರ ಮೇಲೆ ನಿಂತೇ ನಾವು ಮಾತಾಡುತ್ತಿರುತ್ತೇವೆ. ನಮಗೆ ಕಾಣುವುದಿಲ್ಲ, ಅವರಿಗೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಾಗಲಿಲ್ಲ. ಕಾಲೆಳೆಯುವುದೋ, ಸಮಾಧಾನವೋ ಅಂತ ಎರಡೇ ದಾರಿ ಇಟ್ಟಿದ್ದೀರಿ. ಎರಡರಲ್ಲೂ ನಡುವೆ ನಿಂತಿರುವವರು ನೀವೇ. ಅವರ ಸೋಲಿನಲ್ಲಿ ನಿಮಗೇನು ಕೆಲಸ? ಬೇಜಾರು ಮಾಡಿಕೊಳ್ಳಬೇಡಿ, ಆದರೆ ಅದಕ್ಕೆ ಹತ್ತು ದಿನ ಮುಂಚೆ ಇದೇ ಡಾಡ್ಜರ್ಸ್ ನಿಮ್ಮ ಮೆಟ್ಸ್‌ನ್ನೂ 4–2ಕ್ಕೆ ಮನೆಗೆ ಕಳಿಸಿದ್ದರು. ನಿಮ್ಮ ಪಕ್ಕದವರು ಆಗ ಏನಾದರೂ ಅಂದರಾ? ಅಂದಿದ್ದರೆ ಬರೆದಿರುತ್ತಿದ್ದಿರಿ.

ಖುಷಿ ಪಡಬೇಡಿ ಅಂತ ಹೇಳುತ್ತಿಲ್ಲ. ಎದುರಾಳಿ ಸೋತಾಗ ಖುಷಿಯಾಗದವನು ಅಭಿಮಾನಿಯೇ ಅಲ್ಲ, ಸುಮ್ನೆ ದೊಡ್ಡತನ ತೋರಿಸಬಾರದು. ಮನೆಯಲ್ಲಿ ಕುಣಿಯಿರಿ, ಮೆಟ್ಸ್ ಗೆಳೆಯರಿಗೆ ಫೋನ್ ಮಾಡಿ, ಯಾಂಕೀಸ್ ಆಟಗಾರ ಜಡ್ಜ್ ಕೈಯಿಂದ ಜಾರಿದ ಆ ಸುಲಭ ಕ್ಯಾಚನ್ನು ಹತ್ತು ಸಲ ನೋಡಿ. ಮುಖಾಮುಖಿ ನಗುವ ಹಕ್ಕು ನಿಮ್ಮ ತಂಡವೇ ಅವರನ್ನು ಸೋಲಿಸಿದಾಗ ಮಾತ್ರ. ಅದೂ ಎರಡು ದಿನ. ಮೆಟ್ಸ್ ಮತ್ತು ಯಾಂಕೀಸ್ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು 2000ದಲ್ಲಿ ಒಂದೇ ಸಲ, ಯಾಂಕೀಸ್ 4–1ಕ್ಕೆ ಗೆದ್ದರು. ನೀವು ಒಂದು ಮಾತು ಅಂದರೆ ಅವರ ಜೇಬಿನಲ್ಲಿ ಈ ಉತ್ತರ ರೆಡಿ ಇರುತ್ತದೆ. ನನ್ನ 64ರ ಹಾಗೆ.

ಅವರಾಗಿಯೇ ಬಾಯಿ ಬಿಟ್ಟರೆ? ಆಗ ಆಟದ ಬಗ್ಗೆ ಮಾತ್ರ ಮಾತಾಡಿ. ಐದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ ಆಟಗಾರ ಬೆಟ್ಸ್ ನೆಲಕ್ಕೆ ಹೊಡೆದ ಚೆಂಡನ್ನು ಯಾಂಕೀಸ್‌ನ ರಿಝೋ ಹಿಡಿದ, ಪಿಚರ್ ಕೋಲ್ ಮೊದಲ ಬೇಸಿಗೆ ಓಡಲೇ ಇಲ್ಲ. ನಮ್ಮ ಕಡೆ ಬೌಲರ್ ಸ್ಟಂಪ್ ಹತ್ತಿರ ಬಾರದೆ ರನ್ ಔಟ್ ತಪ್ಪಿಸಿದ ಹಾಗೆ. ರಿಝೋನೇ ಓಡಬೇಕಿತ್ತಾ, ಕೋಲ್ ಹೋಗಬೇಕಿತ್ತಾ? ಇದನ್ನು ಒಂದು ಗಂಟೆ ಮಾತಾಡಬಹುದು. ಇಬ್ಬರಿಗೂ ಮರ್ಯಾದೆ ಇರುವ ಮಾತು.

ನನಗೆ ಇದು ಅರ್ಥವಾದದ್ದು 2021ರಲ್ಲಿ. ಆ ವರ್ಷ ಜೈಂಟ್ಸ್ 107 ಗೆದ್ದರು, ಡಾಡ್ಜರ್ಸ್ 106. ಪ್ಲೇಆಫ್‌ನಲ್ಲಿ ಎರಡೂ ತಂಡ ಎದುರಾದದ್ದು ಅದೇ ಮೊದಲು. ಐದನೇ, ಕೊನೆಯ ಆಟ ಅಕ್ಟೋಬರ್ 14ರಂದು ನಮ್ಮ ಮೈದಾನದಲ್ಲಿ. ಒಂಬತ್ತನೇ ಇನಿಂಗ್ಸ್, ಡಾಡ್ಜರ್ಸ್ 2–1 ಮುಂದೆ, ನಮಗೆ ಉಳಿದದ್ದು ಒಂದೇ ಔಟ್, ಸಮ ಮಾಡುವವನು ಮೊದಲ ಬೇಸಿನಲ್ಲಿ. ನಮ್ಮ ವಿಲ್ಮರ್ ಫ್ಲೋರೆಸ್ ಬ್ಯಾಟ್ ಅರ್ಧ ಎತ್ತಿ ತಡೆದ. ಬೀಸಿದ್ದಾನೆ ಅಂತ ಅಂಪೈರ್ ಔಟ್ ಕೊಟ್ಟ. ಮರುಪ್ರಸಾರ ನೋಡಿದರೆ ಬೀಸಿಯೇ ಇಲ್ಲ! ವರ್ಷ ಮುಗಿಯಿತು.

ಆಗ ಎಲ್ಲರೂ ಮನೆಯಿಂದಲೇ ಕೆಲಸ. ನಾನು ಫೋನ್ ತಿರುವಿ ಇಟ್ಟು ಕೂತಿದ್ದೆ. ಕೇಸರಿಬಾತಿನ ಬಾಕಿ ಇವತ್ತು ಬಡ್ಡಿ ಸಮೇತ ಬರುತ್ತದೆ ಅಂತ. ಅರ್ಧ ರಾತ್ರಿಗೆ ಅವರ ಮೆಸೇಜ್ ಬಂತು. ಬರೀ ಒಂದು ಫೋಟೋ. ಅವರ ಸ್ಕೋರ್ ಪುಸ್ತಕದ ಪುಟ, ಅದೇ ಪೆನ್ಸಿಲ್ ಅಕ್ಷರ. ಕೊನೆಯ ಚೌಕದಲ್ಲಿ ಫ್ಲೋರೆಸ್ ಎದುರಿಗೆ ಒಂದು ಕೆ, ಅದರ ಪಕ್ಕ ಸಣ್ಣದಾಗಿ ಒಂದು ಪ್ರಶ್ನೆ ಚಿಹ್ನೆ.

ಥ್ಯಾಂಕ್ಸ್ ಅಂತ ಬರೆದೆ, ಅಳಿಸಿದೆ. ಏನೂ ಕಳಿಸಲಿಲ್ಲ.

ಮರುವರ್ಷ ಡಾಡ್ಜರ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬರುವ ವಾರ ಟಿಕೆಟ್ ಬಂತು. ಜೊತೆಗೆ ಒಂದೇ ಸಾಲು: ಸಿಹಿ ತರಬೇಡ.