ಮಗಳಿಗೆ ಪಿ.ಟಿ. ಪೀರಿಯಡ್ ಬೇಡವಂತೆ, ಏನು ಮಾಡಲಿ?

ಪ್ರಶ್ನೆ: ಮಗಳಿಗೆ 13 ವರ್ಷ, ಪ್ರೌಢಶಾಲೆಗೆ ಸೇರಿ ಒಂದು ವರ್ಷವಾಯಿತು. ವರ್ಷದ ಶುರುವಿನಲ್ಲಿ ಬೀಪ್ ಟೆಸ್ಟ್ ಚೆನ್ನಾಗಿಯೇ ಓಡಿದ್ದಳು. ಕೊನೆಯಲ್ಲಿ ಅದೇ ಟೆಸ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ನಿಂತುಬಿಟ್ಟಳು. ಈ ನಡುವೆ ತುಂಬಾ ಉದ್ದ ಬೆಳೆದಿದ್ದಾಳೆ. ಮಂಡಿ ಕೆಳಗೆ ನೋವು ಅಂತಾಳೆ. ಪಿ.ಟಿ. ಇದ್ದ ದಿನ ನೆಪ ಹುಡುಕುತ್ತಾಳೆ. ಮೇಷ್ಟ್ರಿಗೆ ಹೇಳಿ ಬಿಡಿಸಿಬಿಡೋಣವೇ?

ಉತ್ತರ: ಬಿಡಿಸಬೇಡಿ. ಹಾಗಂತ ನೋವನ್ನು ನೆಪ ಅಂತ ತಳ್ಳಿಹಾಕಲೂ ಬೇಡಿ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಮುಂಭಾಗದಲ್ಲಿ ಮೆಲ್ಲಗೆ ಒತ್ತಿ ನೋಡಿ. ಮೂಳೆಯ ಉಬ್ಬೊಂದು ಕೈಗೆ ಸಿಗುತ್ತದೆ. ತೊಡೆಯ ದೊಡ್ಡ ಸ್ನಾಯು ಬಂದು ಹಿಡಿದುಕೊಳ್ಳುವ ಜಾಗ ಅದು. ಬೆಳೆಯುವ ವಯಸ್ಸಿನಲ್ಲಿ ಅಲ್ಲಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಓಡಿದಾಗ, ಜಿಗಿದಾಗ ಸ್ನಾಯು ಎಳೆದೂ ಎಳೆದೂ ಅಲ್ಲಿ ನೋವು ಶುರುವಾಗುತ್ತದೆ. ನೋವು ಸರಿಯಾಗಿ ಅಲ್ಲೇ ಇದ್ದರೆ ಅದು ಆಸ್‌ಗುಡ್-ಶ್ಲಾಟರ್ ಇರಬಹುದು. ಹೆಸರು ಕೇಳಿ ಗಾಬರಿಯಾಗಬೇಡಿ, ಬೆಳವಣಿಗೆ ಮುಗಿದ ಮೇಲೆ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ನೋವು ಜಾಸ್ತಿ ಇರುವಾಗ ಜಿಗಿತ, ಜೋರು ಓಟ ಕಡಿಮೆ ಮಾಡಿಸಿ. ಕುಂಟುತ್ತಿದ್ದರೆ, ಮಂಡಿ ಊದಿದ್ದರೆ, ರಾತ್ರಿ ನಿದ್ದೆಗೆಡಿಸುವಷ್ಟು ನೋವಿದ್ದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಇನ್ನು ಓಟ. ಹೆಣ್ಣುಮಕ್ಕಳು 12ರ ಆಸುಪಾಸಿನಲ್ಲಿ, ಗಂಡುಮಕ್ಕಳು 14ರ ಆಸುಪಾಸಿನಲ್ಲಿ ಸರ್ರನೆ ಬೆಳೆಯುತ್ತಾರೆ. ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಮಾಮೂಲು. ಮೊದಲು ಕಾಲು ಉದ್ದವಾಗುತ್ತದೆ, ಬಲ ಆಮೇಲೆ ಬರುತ್ತದೆ. ಆ ನಡುವೆ ಕೆಲವರ ಓಟವೇ ಎಡವಟ್ಟಾಗುತ್ತದೆ. ಒಂದೇ ತರಗತಿಯಲ್ಲಿ ಬೆಳೆದು ಮುಗಿದವರೂ ಇರುತ್ತಾರೆ, ಇನ್ನೂ ಶುರುವೇ ಆಗದವರೂ ಇರುತ್ತಾರೆ. ಇವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆದರೆ ಗೊತ್ತಾಗುವುದು ಯಾರು ಬೇಗ ಬೆಳೆದರು ಅನ್ನುವುದೇ ಹೊರತು ಯಾರು ಕಷ್ಟಪಟ್ಟರು ಅಂತಲ್ಲ.

ನಿಮ್ಮ ಮಗಳು ಓಡಿದ ಟೆಸ್ಟ್ ಹೇಗಿರುತ್ತದೆ ಅಂತ ನೋಡಿ. 20 ಮೀಟರ್ ಅಂತರದಲ್ಲಿ ಎರಡು ಗೆರೆ. ಬೀಪ್ ಕೇಳುವಷ್ಟರಲ್ಲಿ ಆಚೆ ಗೆರೆ ಮುಟ್ಟಬೇಕು. ವೇಗ ಗಂಟೆಗೆ 8.5 ಕಿ.ಮೀ.ಯಿಂದ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ.ಯಂತೆ ಏರುತ್ತದೆ. ಮೊದಲು ಸೋತವಳು ಗೋಡೆ ಪಕ್ಕ ಏದುಸಿರು ಬಿಡುತ್ತಾ ನಿಲ್ಲಬೇಕು. ಎಲ್ಲರ ಕಣ್ಣೂ ಅವಳ ಮೇಲೆ. 13ರ ವಯಸ್ಸಿನಲ್ಲಿ ನೆಪ ಹುಡುಕಲು ಇಷ್ಟು ಸಾಕಲ್ವಾ?

ಮೇಷ್ಟ್ರ ಹತ್ತಿರ ಕೇಳಬೇಕಾದ್ದು ರಜೆಯಲ್ಲ. ಅರ್ಧ ತರಗತಿ ಓಡಲಿ, ಇನ್ನರ್ಧ ಜೊತೆಗಾರರ ಸುತ್ತು ಎಣಿಸಲಿ. ನಿಂತವರು ಗೋಡೆ ಪಕ್ಕ ನಿಲ್ಲದೆ ನಡೆಯುತ್ತಾ ಇರಲಿ. ಲೆಕ್ಕ ಅವರವರ ಪುಸ್ತಕದಲ್ಲೇ ಇರಲಿ. ಇದಕ್ಕೆ ಬೇಡ ಅನ್ನುವ ಮೇಷ್ಟ್ರು ಕಡಿಮೆ.

ಈ ವಯಸ್ಸಿನಲ್ಲಿ ಬಿಡಿಸುವುದು ಯಾಕೆ ನಷ್ಟ ಅಂದರೆ, ಸರ್ರನೆ ಬೆಳೆಯುವ ಸುಮಾರು ಎರಡು ವರ್ಷದಲ್ಲೇ ದೊಡ್ಡವರಾದಾಗಿನ ಮೂಳೆಯ ಖನಿಜದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸೇರುತ್ತದೆ. ಓಟ, ಜಿಗಿತ, ಭಾರ ಎತ್ತುವುದು ಇವೇ ಮೂಳೆಗೆ ಬೇಕಾದ ಕೆಲಸ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ, ಅದರಲ್ಲಿ ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವಂಥದ್ದು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನೋವು ಕಡಿಮೆಯಾದ ಹಾಗೆ ಒಂದೊಂದೇ ಶುರುಮಾಡಿಸಿ.

ಹಾಂ, ಅವಳನ್ನು ಒಮ್ಮೆ ಒಬ್ಬಳೇ ಇದ್ದಾಗ ಕೇಳಿ. ಬೇಡ ಅನ್ನಿಸುವುದು ಓಟವೋ, ಬಟ್ಟೆ ಬದಲಿಸಲು ಮರೆ ಇಲ್ಲದಿರುವುದೋ, ಮುಟ್ಟಿನ ದಿನಗಳೋ? ಎಷ್ಟೋ ಸಲ ಕಾರಣ ಮೈದಾನದಲ್ಲಿ ಇರುವುದೇ ಇಲ್ಲ.

ಪ್ರಶ್ನೆ: ಹೊಸದಾಗಿ ದೈಹಿಕ ಶಿಕ್ಷಕನಾಗಿ ಸೇರಿದ್ದೇನೆ. 45 ಮಕ್ಕಳು, ಎರಡೇ ಚೆಂಡು, 40 ನಿಮಿಷ. ವರ್ಷದ ಯೋಜನೆಯಲ್ಲಿ ವಾರಕ್ಕೊಂದು ಹೊಸ ಆಟ ಹಾಕಲೇ?

ಉತ್ತರ: ವಾರಕ್ಕೊಂದು ಆಟವಾದರೆ ಯಾವುದೂ ಕೈಗೆ ಹತ್ತುವುದಿಲ್ಲ. ಒಂದೊಂದಕ್ಕೆ ಆರೆಂಟು ವಾರ ಕೊಡಿ. ರಜೆ ಮುಗಿದ ಮೊದಲ ವಾರ ಓಟದ ಟೆಸ್ಟ್ ಇಡಬೇಡಿ, ಮೈ ಇನ್ನೂ ಸಡಿಲವಾಗಿರುತ್ತದೆ. ಬೇಸಿಗೆ ಶುರುವಾದಾಗಲೂ ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು.

ಯೋಜನೆ ಬರೆಯುವ ಮೊದಲು ಇನ್ನೊಂದು ಕೆಲಸ ಮಾಡಿ. ಒಂದು ಪೀರಿಯಡ್ ಪೂರ್ತಿ ಒಂದೇ ಮಗುವಿನ ಮೇಲೆ ಕಣ್ಣಿಡಿ. ಅದು ಓಡಾಡುವಾಗ ಮಾತ್ರ ಸ್ಟಾಪ್‌ವಾಚ್ ಒತ್ತಿ. ಹಾಜರಿ, ಸಾಲು, ಸರದಿ ಕಾಯುವುದು, ಔಟಾಗಿ ಸುಮ್ನೆ ಕೂರುವುದು, ಎಲ್ಲಾ ಕಳೆದು ಉಳಿದದ್ದನ್ನು ನೋಡಿದರೆ ನಿಮಗೇ ಬೇಜಾರಾಗುತ್ತದೆ. ಔಟಾದವರು ಹೊರಗೆ ಕೂರುವ ಆಟದಲ್ಲಿ ಅಭ್ಯಾಸ ಬೇಕಾದವರೇ ಮೊದಲು ಕೂರುತ್ತಾರೆ. ಅದಕ್ಕೇ ನಾಲ್ಕು ಜನರ ಚಿಕ್ಕ ತಂಡ ಮಾಡಿ. ಎರಡು ಚೆಂಡಿನ ಸುತ್ತ 16 ಜನ ಆಡಲಿ, ಉಳಿದವರಿಗೆ ಹಗ್ಗದಾಟ, ಜಿಗಿದು ಮಂಡಿ ಬಗ್ಗಿಸಿ ಇಳಿಯುವುದು, ಗೆರೆಯಿಂದ ಗೆರೆಗೆ ರಿಲೇ. 12 ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ತಿಂಗಳು ಕಳೆದ ಮೇಲೆ ಅದೇ ಮಗುವಿಗೆ ಮತ್ತೆ ಸ್ಟಾಪ್‌ವಾಚ್ ಹಿಡಿಯಿರಿ.

ಪ್ರಶ್ನೆ: ಗಲಾಟೆ ಮಾಡಿದವರಿಗೆ ಮೈದಾನ ಸುತ್ತು ಓಡಿಸುವುದು ಸರಿಯೇ?

ಉತ್ತರ: ಬೇಡ. ಓಟ ಅಂದರೆ ಶಿಕ್ಷೆ ಅಂತ ಕಲಿಸಿಬಿಟ್ಟರೆ ಆಮೇಲೆ ಓಡಿ ಅಂದಾಗ ಯಾರು ಓಡುತ್ತಾರೆ? ಐದು ನಿಮಿಷ ಹೊರಗೆ ನಿಲ್ಲಿಸಿ, ಮಾತಾಡಿ, ಒಳಗೆ ಕರೆದುಕೊಳ್ಳಿ.