ಇಷ್ಟೆಲ್ಲ ಕೊಟ್ಟರೂ ಹುಡುಗರು ಯಾಕೆ ನಿಲ್ಲುತ್ತಿಲ್ಲ?: ಒಂದು ಆಪ್ತಸಲಹೆ ಪ್ರಕರಣ

(ಬಂದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಬಂದವರು ಐವತ್ತು ದಾಟಿದ ಮಹಿಳೆ. ನೂರಕ್ಕೂ ಜಾಸ್ತಿ ಜನ ಕೆಲಸ ಮಾಡುವ ಒಂದು ತಯಾರಿಕಾ ಘಟಕ ನಡೆಸುತ್ತಾರೆ. ಕೆಲಸಗಾರರು ಅವರನ್ನು ಮೇಡಂ ಎನ್ನುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ನಿದ್ದೆ ಬರುತ್ತಿಲ್ಲ, ಸಣ್ಣಪುಟ್ಟದಕ್ಕೂ ರೇಗುತ್ತೇನೆ ಎಂದು ಬಂದಿದ್ದರು. ಮಾತು ಮುಂದುವರಿದಂತೆ ವಿಷಯ ಹೊರಬಂತು. ಕೆಲವು ಕಾಲದಿಂದ ಇಪ್ಪತ್ತೈದರ ಆಸುಪಾಸಿನ ಹುಡುಗ ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಕೆಲಸ ಬಿಡುತ್ತಿದ್ದರು. ಪ್ರತಿ ರಾಜೀನಾಮೆಯೂ ತಮ್ಮನ್ನೇ ಬೇಡ ಎಂದ ಹಾಗೆ ಮೇಡಂಗೆ ಅನಿಸುತ್ತಿತ್ತು.

"ಏನು ಕಮ್ಮಿ ಮಾಡಿದ್ದೀನಿ ಹೇಳಿ? ಆರೋಗ್ಯ ವಿಮೆ ಇದೆ. ನಿವೃತ್ತಿ ನಿಧಿ ಇದೆ. ಜಿಮ್ ಮಾಡಿಸಿದ್ದೀನಿ. ಆಟದ ಕೋಣೆ ಮಾಡಿಸಿದ್ದೀನಿ, ಅಲ್ಲಿ ಈಗ ಧೂಳು ಕೂತಿದೆ. ಹೋಗುವಾಗ ಕಾರಣ ಕೂಡ ಹೇಳಲ್ಲ ಸಾರ್, ವೈಯಕ್ತಿಕ ಅಂತ ಬರೆದು ಹೋಗ್ತಾರೆ."

ಕಾರಣ ಹೇಳದಿರುವುದಕ್ಕೆ ಕಾರಣ ಇದೆ. ಕೆಲಸ ಬಿಡುವವರಿಗೆ ಮುಂದಿನ ಕಡೆ ತೋರಿಸಲು ಅನುಭವ ಪತ್ರ ಬೇಕು. ಅದಕ್ಕೆ ಸಹಿ ಹಾಕುವವರ ಎದುರು ಕೂತು ಯಾರು ನಿಜ ಹೇಳುತ್ತಾರೆ? ಹೋಗುವವರನ್ನು ಕೇಳುವುದಕ್ಕಿಂತ ಉಳಿದವರನ್ನು ಕೇಳಿದರೆ ಜಾಸ್ತಿ ಗೊತ್ತಾಗುತ್ತೆ ಎಂದೆ. ಇಲ್ಲಿ ಯಾಕೆ ಉಳಿದಿದ್ದೀರಿ, ಯಾವ ದಿನ ಬಿಟ್ಟುಬಿಡೋಣ ಅನಿಸಿತ್ತು, ಈ ಎರಡೇ ಪ್ರಶ್ನೆ. ಕೇಳುವವರು ಮೇಡಂ ಆಗಿರಬಾರದು, ಉತ್ತರದಲ್ಲಿ ಹೆಸರು ಇರಬಾರದು.

ಮುಂದಿನ ಭೇಟಿಗೆ ಸಂಸ್ಥೆಯ ಸೌಲಭ್ಯಗಳ ಪುಸ್ತಿಕೆಯನ್ನೂ ಒಂದು ಖಾಲಿ ರಜೆ ಅರ್ಜಿಯನ್ನೂ ತನ್ನಿ ಎಂದಿದ್ದೆ. ತಂದರು. ಪುಸ್ತಿಕೆಯ ಪ್ರಕಾರ ಆರೋಗ್ಯ ವಿಮೆ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ. ಮದುವೆಯಾಗದ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವ ಹುಡುಗನಿಗೆ ಅದರಲ್ಲಿ ಸಿಗುವುದು ಅವನೊಬ್ಬನ ವಿಮೆ ಮಾತ್ರ. ಗೃಹಸಾಲ ಐದು ವರ್ಷ ಸೇವೆ ಮುಗಿದ ಮೇಲೆ. ಓದಿಗೆ ಸಹಾಯ ಇತ್ತು, ಕಾರ್ಮಿಕರ ಮಕ್ಕಳ ಓದಿಗೆ. ತನ್ನದೇ ಓದಿನ ಸಾಲ ತೀರಿಸುತ್ತಿರುವವಳಿಗೆ ಒಂದು ಸಾಲೂ ಇಲ್ಲ. ಕೆಟ್ಟ ಪುಸ್ತಿಕೆ ಅಲ್ಲ ಅದು. ನಲವತ್ತರ, ಸಂಸಾರಸ್ಥ ನೌಕರನನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರೀತಿಯಿಂದ ಬರೆದದ್ದು.

ನನ್ನ ಕಣ್ಣು ನಿಂತಿದ್ದು ರಜೆ ಅರ್ಜಿಯ ಮೇಲೆ. ಒಂದೇ ಹಾಳೆ. ಅದರಲ್ಲಿ ಅರ್ಧ ಭಾಗ 'ರಜೆಗೆ ಕಾರಣ (ವಿವರವಾಗಿ)' ಎಂಬ ಗೆರೆ ಎಳೆದ ಜಾಗ. ಕೆಳಗೆ ಮೂರು ಸಹಿಗೆ ಮೂರು ಚೌಕ: ಮೇಲ್ವಿಚಾರಕರು, ವಿಭಾಗದ ಮುಖ್ಯಸ್ಥರು, ಆಡಳಿತ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಮಂಜೂರಾತಿ ಹಕ್ಕಲ್ಲ'.

"ಮೇಡಂ, ನೀವು ಇಪ್ಪತ್ತಮೂರರ ಹುಡುಗಿ ಅಂದುಕೊಳ್ಳಿ. ನಿಮಗೆ ಮನಸ್ಸು ಸರಿಯಿಲ್ಲ, ಒಂದು ದಿನ ಬೇಕು. ಈ ಗೆರೆ ಮೇಲೆ ಏನು ಬರೀತೀರಿ?"

ಸುಮಾರು ಹೊತ್ತು ನೋಡಿದರು. "ಜ್ವರ ಅಂತ," ಎಂದರು.

ಆಮೇಲೆ ಅವರು ತಮ್ಮ ಮೊದಲ ಕೆಲಸದ ಕಥೆ ಹೇಳಿದರು. ತಂದೆ ಆಸ್ಪತ್ರೆಯಲ್ಲಿದ್ದಾಗ ಅಂದಿನ ಯಜಮಾನರ ಕೋಣೆಗೆ ಹೋಗಿ ಮುಂಗಡ ಕೇಳಿದ್ದರಂತೆ. ಅವರು ಎರಡನೇ ಮಾತಾಡದೆ ಕೊಟ್ಟರು. ಆ ಋಣ ಮೇಡಂ ಮರೆತಿಲ್ಲ. ತಾವು ಒಡತಿ ಆದಾಗ ಅಂಥ ಯಜಮಾನರೇ ಆಗಬೇಕು ಎಂದುಕೊಂಡಿದ್ದರು. "ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತೆ. ಬಂದು ಕೇಳಬಹುದಿತ್ತಲ್ವಾ?" ಎಂದಾಗ ಅವರ ದನಿ ಒಡೆದಿತ್ತು.

ಇಡೀ ಪ್ರಕರಣದ ಗಂಟು ಇಲ್ಲಿತ್ತು. ಮೇಡಂ ಪಾಲಿಗೆ ಸೌಲಭ್ಯ ಅಂದರೆ ಕಷ್ಟದಲ್ಲಿ ಕೇಳಿದಾಗ ಸಿಗುವ ಕರುಣೆ. ಈ ಹುಡುಗರಿಗೆ ಅದು ದುಡಿಮೆಯ ಒಪ್ಪಂದದ ಒಂದು ಭಾಗ, ಸಂಬಳದ ಹಾಗೆ. ಕೇಳಿಕೊಂಡು ಪಡೆಯಬೇಕಾದರೆ ಅವರ ಲೆಕ್ಕದಲ್ಲಿ ಅದು ಇಲ್ಲದ ಹಾಗೇ. ಇದರಲ್ಲಿ ಸೊಕ್ಕು ಇಲ್ಲ. ಕೆಲಸಕ್ಕೆ ಸೇರಿ ವರ್ಷ ಆಗದವರಿಗೆ ಯಜಮಾನರ ಕೋಣೆಯ ಬಾಗಿಲು ತಟ್ಟುವುದು ಬಲು ಭಾರ. ಚೆನ್ನಾಗಿ ಸಂಪಾದಿಸುವ ಹಿರಿಯ ನೌಕರನಿಗೆ ಅಷ್ಟು ಭಾರ ಆಗುವುದಿಲ್ಲ. ಹೀಗಾಗಿ, ಜಾಸ್ತಿ ಬೇಕಾದವರಿಗೇ ಕಮ್ಮಿ ತಲುಪುತ್ತದೆ.

ಕೃತಜ್ಞತೆ ಸಿಗಲಿಲ್ಲ ಎಂಬ ನೋವನ್ನು ಬೇರೆಯಾಗಿ ಕೂತು ಮಾತಾಡಿದೆವು. ಅದನ್ನು ಇಲ್ಲಿ ಬಿಡುತ್ತೇನೆ. ನಿದ್ದೆ ನಿಧಾನಕ್ಕೆ ಸುಧಾರಿಸಿತು. ಸೌಲಭ್ಯಗಳ ಬಗ್ಗೆ ನಾನು ಹೇಳಿದ್ದನ್ನು ಬರೆಯುತ್ತೇನೆ, ಬೇರೆ ಯಜಮಾನರಿಗೂ ಉಪಯೋಗ ಆಗಬಹುದು.

ಮೊದಲ ಮಾತು ಸಂಬಳದ್ದು. ಅದೇ ಕೆಲಸಕ್ಕೆ ಬೇರೆಯವರು ಕೊಡುವುದಕ್ಕಿಂತ ಕಮ್ಮಿ ಕೊಡುತ್ತಿದ್ದರೆ ಮೊದಲು ಅದನ್ನು ಸರಿಮಾಡಿ, ಆಟದ ಕೋಣೆಯಿಂದ ಅದು ತುಂಬುವುದಿಲ್ಲ ಎಂದೆ. ಮೇಡಂ ವಿಚಾರಿಸಿ ನೋಡಿದರು. ಸಂಬಳದಲ್ಲಿ ಹಿಂದೆ ಬಿದ್ದಿರಲಿಲ್ಲ.

ಎರಡನೆಯದು ರಜೆ. ಕಾರಣದ ಗೆರೆ ತೆಗೆಯಿರಿ. ಮೂರು ಸಹಿ ಒಂದಕ್ಕೆ ಇಳಿಯಲಿ. ಎರಡು ದಿನದೊಳಗೆ ಉತ್ತರ ಬರದಿದ್ದರೆ ರಜೆ ಮಂಜೂರಾದಂತೆ ಎಂದು ಬರೆದುಬಿಡಿ. ಮೇಡಂ ಎಲ್ಲೋ ಕೇಳಿದ್ದರು, ಮಿತಿಯಿಲ್ಲದ ರಜೆ ಕೊಟ್ಟರೆ ಹುಡುಗರಿಗೆ ಇಷ್ಟವಂತೆ ಎಂದು. ನಾನು ಬೇಡ ಎಂದೆ. ಎಷ್ಟು ದಿನ ತಗೊಂಡರೆ ಸರಿ ಎಂದು ಯಾರಿಗೂ ಗೊತ್ತಿಲ್ಲದ ಕಡೆ ಹೊಸಬರು ಹೆದರಿ ಕಮ್ಮಿಯೇ ತಗೊಳ್ಳುತ್ತಾರೆ. ಅದರ ಬದಲು ಇಷ್ಟು ದಿನ ತಗೊಳ್ಳಲೇಬೇಕು ಎಂಬ ಕನಿಷ್ಠ ಇರಲಿ. ಸಂಬಳ ಸಹಿತ ವಾರ್ಷಿಕ ರಜೆ ಮೂರು ವಾರಕ್ಕಿಂತ ಕಮ್ಮಿ ಇರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1970ರಲ್ಲೇ ಒಂದು ಒಡಂಬಡಿಕೆ ಮಾಡಿದೆ. ಹೋಲಿಸಿ ನೋಡಲು ಅದು ಒಳ್ಳೆಯ ಅಳತೆ.

ನಿವೃತ್ತಿ ನಿಧಿಯ ವಿಷಯದಲ್ಲಿ ಮೇಡಂಗೆ ತುಂಬ ಬೇಸರ ಇತ್ತು. ಸಂಸ್ಥೆ ತನ್ನ ಪಾಲು ಸೇರಿಸುತ್ತೇನೆ ಎಂದರೂ ಹುಡುಗರು ಅರ್ಜಿ ತುಂಬುತ್ತಿರಲಿಲ್ಲ. "ಮುಂದಿನ ಯೋಚನೇನೇ ಇಲ್ಲ ಇವರಿಗೆ," ಎನ್ನುತ್ತಿದ್ದರು. ನಲವತ್ತು ವರ್ಷ ಆಚೆಯ ಲಾಭಕ್ಕೆ ಇವತ್ತು ಅರ್ಜಿ ತುಂಬುವುದನ್ನು ಎಲ್ಲ ವಯಸ್ಸಿನವರೂ ಮುಂದೂಡುತ್ತಾರೆ. ಅಮೆರಿಕದ ಒಂದು ಸಂಸ್ಥೆಯ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನ ಹೆಸರುವಾಸಿ. ಅಲ್ಲಿ ನಿಯಮ ಬದಲಿಸಿ, ಹೊಸಬರು ಅರ್ಜಿ ತುಂಬದೆಯೇ ನಿವೃತ್ತಿ ಉಳಿತಾಯದ ಯೋಜನೆಯೊಳಗೆ ಇರುವಂತೆ, ಬೇಡದವರು ಹೇಳಿ ಹೊರಬರುವಂತೆ ಮಾಡಿದರು. ಹೊಸಬರಲ್ಲಿ 100ಕ್ಕೆ 86 ಜನ ಒಳಗೇ ಉಳಿದರು. ಮೊದಲು ಸೇರಿದವರಲ್ಲಿ ಭಾಗವಹಿಸಿದವರು ಅದಕ್ಕಿಂತ ತುಂಬ ಕಮ್ಮಿ. ಅದೇ ಅಧ್ಯಯನದಲ್ಲಿ ಒಂದು ಎಚ್ಚರಿಕೆಯೂ ಇದೆ. ಸಂಸ್ಥೆ ಇಟ್ಟ ಕಮ್ಮಿ ಉಳಿತಾಯದ ದರದಲ್ಲೇ ಬಹಳ ಜನ ನಿಂತುಬಿಟ್ಟರು. ಅದಕ್ಕೇ ಶುರುವಿನ ದರವನ್ನು ಯೋಚಿಸಿ ಇಡಿ, ಸಂಬಳ ಏರಿದಾಗಲೆಲ್ಲ ಉಳಿತಾಯವೂ ಸ್ವಲ್ಪ ಏರಲಿ ಎಂದೆ. ಕಾನೂನು ಏನು ಹೇಳುತ್ತೆ ಎಂದು ಲೆಕ್ಕಪರಿಶೋಧಕರನ್ನು ಕೇಳಿಯೇ ಮಾಡಬೇಕು.

ಅದಕ್ಕೂ ಹತ್ತಿರದ ಕಷ್ಟ ತಿಂಗಳ ಕೊನೆಯದು. ಕೈಯಲ್ಲಿ ಉಳಿತಾಯ ಇಲ್ಲದ ವಯಸ್ಸು. ದುಡಿದ ದಿನಗಳ ಸಂಬಳದಲ್ಲಿ ಒಂದು ಭಾಗವನ್ನು ತಿಂಗಳ ಮಧ್ಯೆಯೇ, ಬಡ್ಡಿಯಿಲ್ಲದೆ, ಯಾರ ಮುಂದೂ ಹೋಗಿ ನಿಲ್ಲದೆ ಮೊಬೈಲಿನಲ್ಲೇ ಪಡೆಯುವ ಹಾಗಿರಲಿ. ಮಿತಿ ಇರಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಅದೇ ತೊಂದರೆ. ಮೇಡಂ ತಮ್ಮ ಹಳೆಯ ಯಜಮಾನರನ್ನು ನೆನೆದು ಇದನ್ನು ತಕ್ಷಣ ಒಪ್ಪಿದರು.

ಮಾನಸಿಕ ಆರೋಗ್ಯದ ಸಹಾಯ ಪುಸ್ತಿಕೆಯಲ್ಲಿತ್ತು. ಯಾರೂ ಬಳಸಿರಲಿಲ್ಲ. ಬಳಸಬೇಕಾದರೆ ಮೊದಲು ಆಡಳಿತ ವಿಭಾಗದಿಂದ ಚೀಟಿ ಪಡೆಯಬೇಕಿತ್ತು! ನನ್ನ ವೃತ್ತಿಯ ಮಾತಾದ್ದರಿಂದ ಇಲ್ಲಿ ಖಡಾಖಂಡಿತವಾಗಿ ಹೇಳಿದೆ: ಸಲಹೆಗಾರರು ಹೊರಗಿನವರಾಗಿರಲಿ, ಸಮಯವನ್ನು ನೌಕರರೇ ನೇರವಾಗಿ ಗೊತ್ತುಮಾಡಿಕೊಳ್ಳಲಿ, ಸಂಸ್ಥೆಗೆ ಬರುವ ಬಿಲ್ಲಿನಲ್ಲಿ ಒಟ್ಟು ಭೇಟಿಗಳ ಸಂಖ್ಯೆ ಬಿಟ್ಟರೆ ಏನೂ ಇರಬಾರದು. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ಹಾಳಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು, ಅಂದರೆ ಕೆಲಸದಿಂದ ಪೂರ್ತಿ ಬಸವಳಿಯುವುದನ್ನು, ರೋಗ ಎನ್ನದೆ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೆ ಹುಟ್ಟುವ ಸ್ಥಿತಿ ಎಂದು ಗುರುತಿಸಿತು. ಕೆಲಸದ ಹೊರೆ ಹಾಗೇ ಇಟ್ಟು ಸಲಹೆಗಾರರ ನಂಬರು ಕೊಟ್ಟರೆ ಸಾಲದು.

ಮನೆಯಿಂದ ಕೆಲಸದ ಬಗ್ಗೆ ಮೇಡಂ ಹೆದರಿದ್ದರು. ಚೀನಾದ ಟ್ರಿಪ್.ಕಾಮ್ ಸಂಸ್ಥೆಯಲ್ಲಿ 1,612 ನೌಕರರ ಮೇಲೆ ನಡೆದ ಪ್ರಯೋಗದ ಬಗ್ಗೆ ಹೇಳಿದೆ. ಅದರ ವರದಿ 2024ರಲ್ಲಿ ಬಂತು. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಮ್ಮಿಯಾದರು, ಕೆಲಸದ ಗುಣಮಟ್ಟ ಇಳಿಯಲಿಲ್ಲ. ಶುರುವಿನಲ್ಲಿ ಅಲ್ಲಿನ ವ್ಯವಸ್ಥಾಪಕರಿಗೂ ಮೇಡಂಗೆ ಇದ್ದಂಥದೇ ಅನುಮಾನ ಇತ್ತು, ಪ್ರಯೋಗ ಮುಗಿಯುವಾಗ ಬದಲಾಯಿತು.

ಆದರೆ ಮೇಡಂ ಘಟಕದಲ್ಲಿ ಮುಕ್ಕಾಲು ಜನ ಯಂತ್ರದ ಮುಂದೆ ನಿಲ್ಲುವವರು. ಯಂತ್ರವನ್ನು ಮನೆಗೆ ಒಯ್ಯಲಾಗುವುದಿಲ್ಲ. ಅವರಿಗೆ ಬೇಕಾದದ್ದು ಪಾಳಿ ಮೊದಲೇ ಗೊತ್ತಾಗುವುದು. ಶನಿವಾರ ರಾತ್ರಿ ಸೋಮವಾರದ ಪಾಳಿ ತಿಳಿಸಿದರೆ ಸಂಜೆ ಕಾಲೇಜಿಗೆ ಹೋಗುವವನು ಏನು ಮಾಡಬೇಕು? ಎರಡು ವಾರ ಮುಂಚೆ ಪಟ್ಟಿ ಹಾಕಿ, ಪಾಳಿಯನ್ನು ಅವರವರೇ ಬದಲಾಯಿಸಿಕೊಳ್ಳಲು ಬಿಡಿ ಎಂದೆ. ಅಮೆರಿಕದ ಒಂದು ಬಟ್ಟೆ ಅಂಗಡಿಗಳ ಸರಣಿಯಲ್ಲಿ ಹೀಗೆ ಮಾಡಿ ನೋಡಿದ್ದರು. 2018ರ ವರದಿಯ ಪ್ರಕಾರ ಆ ಅಂಗಡಿಗಳಲ್ಲಿ ಮಾರಾಟ 7% ಜಾಸ್ತಿಯಾಯಿತು. ಇಷ್ಟು ಅಗ್ಗದ ಸೌಲಭ್ಯ ಇನ್ನೊಂದಿಲ್ಲ. ಎಷ್ಟೋ ಯಜಮಾನರು ಇದನ್ನು ಸೌಲಭ್ಯ ಎಂದು ಎಣಿಸುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

"ಹಾಗಾದ್ರೆ ಎಲ್ಲರಿಗೂ ಒಂದು ಮೊತ್ತ ಕೊಟ್ಟು ಬೇಕಾದ್ದು ಆರಿಸಿಕೊಳ್ಳಿ ಅಂದುಬಿಡ್ಲಾ?" ಎಂದು ಕೇಳಿದರು. ಪೂರ್ತಿ ಹಾಗೆ ಬೇಡ. ಆರೋಗ್ಯ ವಿಮೆಯನ್ನೂ ಆಯ್ಕೆಗೆ ಬಿಟ್ಟರೆ ಗಟ್ಟಿಮುಟ್ಟಾದ ಹುಡುಗರು ಹೊರಗೆ ನಿಲ್ಲುತ್ತಾರೆ, ಕಾಯಿಲೆ ಇರುವವರಷ್ಟೇ ಒಳಗೆ ಉಳಿದು ವಿಮೆ ದುಬಾರಿಯಾಗುತ್ತೆ. ಮೂಲ ವಿಮೆ ಎಲ್ಲರಿಗೂ ಇರಲಿ. ಅದರ ಮೇಲೆ ಸಣ್ಣ ಮೊತ್ತವೊಂದನ್ನು ಆಯ್ಕೆಗೆ ಬಿಡಿ: ತಂದೆತಾಯಿಯ ವಿಮೆಗೋ, ಓದಿನ ಸಾಲದ ಕಂತಿಗೋ, ಹೊಸ ಕೆಲಸ ಕಲಿಯಲಿಕ್ಕೋ, ಮಗುವಿನ ಆರೈಕೆಗೋ. ಹಳಬರಿಗೂ ಅದೇ ಮೊತ್ತ. ಹುಡುಗರಿಗೆಂದು ಬೇರೆ ಪಂಕ್ತಿ ಹಾಕಿದರೆ ಇಪ್ಪತ್ತು ವರ್ಷ ದುಡಿದವರ ಮನಸ್ಸು ಮುರಿಯುತ್ತದೆ. ಇಪ್ಪತ್ತೈದರವರೆಲ್ಲ ಒಂದೇ ತರಹ ಇರುವುದಿಲ್ಲ ಎಂಬುದಕ್ಕೂ ಆಯ್ಕೆಯೇ ಉತ್ತರ. ಕಲಿಕೆಗೆ ಹಣ ಕೊಟ್ಟು 'ಎರಡು ವರ್ಷ ಬಿಟ್ಟು ಹೋಗಬಾರದು' ಎಂದು ಬರೆಸಿಕೊಳ್ಳಬೇಡಿ ಎಂದೂ ಹೇಳಿದೆ. ಇದನ್ನು ಮೇಡಂ ಇನ್ನೂ ಒಪ್ಪಿಲ್ಲ. ದೊಡ್ಡ ಮೊತ್ತದ ತರಬೇತಿಗೆ ಷರತ್ತು ಬೇಕೇ ಬೇಕು ಎನ್ನುತ್ತಾರೆ. ಅವರ ಹಣ, ಅವರ ತೀರ್ಮಾನ.

ಪಾಳಿ ಪಟ್ಟಿ ಮತ್ತು ಹೊಸ ರಜೆ ಅರ್ಜಿ ಮೊದಲು ಜಾರಿಗೆ ಬಂದವು. ಉಳಿದವರನ್ನು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಆಟದ ಕೋಣೆಯ ಮಾತೇ ಇರಲಿಲ್ಲ. ಪಾಳಿ ಮತ್ತು ರಜೆಯ ಮಾತು ಮತ್ತೆ ಮತ್ತೆ ಇತ್ತು. ರಾಜೀನಾಮೆಗಳು ನಿಂತಿಲ್ಲ, ಆದರೆ ಕಮ್ಮಿಯಾಗಿವೆ.

ಈಗಿನ ತೊಡಕು ಒಬ್ಬ ಹಳೆಯ ಮೇಲ್ವಿಚಾರಕರದು. ಅರ್ಜಿಯಲ್ಲಿ ಕಾರಣದ ಗೆರೆ ಇಲ್ಲ, ಆದರೆ ಅವರು ಬಾಯಲ್ಲಿ ಕೇಳುತ್ತಾರೆ: "ಏನಪ್ಪಾ, ಯಾಕೆ ರಜೆ?" ಅವರ ವಿಭಾಗದಲ್ಲಿ ಹೊಸಬರು ಈಗಲೂ ರಜೆ ಹಾಕುವುದಿಲ್ಲ. ಆ ಮೇಲ್ವಿಚಾರಕರನ್ನು ಗದರಬೇಡಿ ಎಂದಿದ್ದೇನೆ. ಪ್ರತಿ ವಿಭಾಗದಲ್ಲಿ ಎಷ್ಟು ರಜೆ ಬಳಕೆಯಾಯಿತು ಎಂಬ ಲೆಕ್ಕವನ್ನು ಹೆಸರಿಲ್ಲದೆ ಮೇಲ್ವಿಚಾರಕರ ಸಭೆಯಲ್ಲಿ ಇಡಿ, ವಿಭಾಗದವರು ರಜೆ ತಗೊಳ್ಳುವಂತೆ ನೋಡಿಕೊಳ್ಳುವುದನ್ನೂ ಅವರ ಕೆಲಸದ ಮೌಲ್ಯಮಾಪನಕ್ಕೆ ಸೇರಿಸಿ. ಅದಕ್ಕೂ ಮೊದಲು ಅವರನ್ನೇ ಒಂದು ವಾರ ರಜೆಯ ಮೇಲೆ ಕಳಿಸಿ, ಕಾರಣ ಕೇಳದೆ. ಮೇಡಂ ಮುಂದಿನ ತಿಂಗಳ ಪಾಳಿ ಪಟ್ಟಿಯಲ್ಲಿ ಅವರ ಜಾಗಕ್ಕೆ ಬದಲಿ ವ್ಯಕ್ತಿಯನ್ನು ಹಾಕಿದ್ದಾರೆ.